ಬಿಗಿಯಾದ ಕಾಲ್ಗಡಗ

ಕಾರವಾರ,
ತಾ. ೧೮-೯-೧೯೩೬

ಪ್ರಿಯ ವೈಜಯಂತಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರಿಸಲಿಲ್ಲವೆಂದು ಕೋಪ ಬೇಡ. ನಿದ್ದೆಯಿಲ್ಲದೆ ಅಕ್ಷರಗಳು ಸಾಲು ಬಿಟ್ಟು ಹೋಗುತ್ತಿವೆ. ಅಂಕೋಲೆಯಲ್ಲಿ ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನನ್ನ ಕೇಶವ ಹೇಗಿದ್ದಾನೆಂದು ಕೇಳಿದ್ದೀ. ಅದನ್ನು ಕಡೆಗೆ ಬರೆಯುತ್ತೇನೆ. ಮೊದಲು ನಿನ್ನ ಕೆಲಸದ ಮಾತು. ಆ ಹಿಟ್ಟಿನ ಡಬ್ಬಿಯನ್ನು ಮೋಟಾರಿನಲ್ಲಿ ಕಳಿಸು ಎಂದಿದ್ದೀ. ಕಳಿಸುವುದಿಲ್ಲ. ಬೇರೆಯವರಿಂದಲೂ ತರಿಸಬೇಡ.

ಅದನ್ನು ಮಾರಿದ ವ್ಯಾಯಾಮಪಟು ಬೇಸಿಗೆಯಲ್ಲಿ ಇಲ್ಲಿ ಭಾಷಣ ಮಾಡಿದ. ಅಂಗಿ ಕಳಚಿ, ಕಬ್ಬಿಣದ ಸಲಾಕೆಯನ್ನು ಕುತ್ತಿಗೆಗೆ ಕೊಟ್ಟು ಬಗ್ಗಿಸಿದ. ಆಮೇಲೆ, ಆರು ತಿಂಗಳಾದ ಮಗುವಿಗೆ ಮೊಲೆ ಬಿಡಿಸಿ ತನ್ನ ಹಿಟ್ಟಿನ ಗಂಜಿಯನ್ನಷ್ಟೇ ಕೊಡಬೇಕು, ಚಿಂತೆ ಮಾಡುವ ತಾಯಿಯ ಹಾಲು ವಿಷ ಎಂದ. ನಾನು ಎಂಥ ಚಿಂತೆಯವಳೆಂದು ನಿನಗೆ ಗೊತ್ತು. ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಪರೀಕ್ಷೆ ಪಾಸಾದ ಮೇಲೂ ಹೆದರುತ್ತಿದ್ದವಳು. ಆ ಮಾತು ನನಗೇ ಹೇಳಿದಂತಿತ್ತು. "ಇಂಥ ಶರೀರದವ ಸುಳ್ಳು ಹೇಳ್ತಾನಾ?" ಎಂದು ಇವರು ಅಲ್ಲೇ ಡಬ್ಬಿ ಕೊಂಡರು.

ಅತ್ತೆ ನಕ್ಕರು. "ಅಂವನ ರಟ್ಟೆ ನೋಡಿ ಮಗುವಿಗೆ ಹಿಟ್ಟು ತಂದ್ರ್ಯಾ? ಅಂವ ಸಣ್ಣಿರುವಾಗ ಎಂತಾ ತಿಂದಿದ್ದ ಅಂತ ಅವನ ಆಯಿಗೆ ಕೇಳ್ಬೇಕಿತ್ತು."

ಮಳೆಗಾಲದ ಹೊತ್ತಿಗೆ ಕೇಶವನ ಕೆನ್ನೆ ಉಬ್ಬಿದಾಗ ಅದೇ ಅತ್ತೆ ದೃಷ್ಟಿಬೊಟ್ಟು ಇಟ್ಟು, "ಇರ್ಲಿ ಮಾರಾಯ್ತಿ, ನಾ ಸೋತೆ" ಎಂದರು. ಮಗು ನಗುವುದು ಬಿಟ್ಟಿತ್ತು, ಕೂದಲು ಕೆಂಚಾಗಿತ್ತು. ಗುಂಡಗಿರುವ ಮಗುವಿಗೆ ರೋಗವೆಂದು ಯಾರು ಹೇಳುತ್ತಾರೆ? ಮೊಲೆ ಬಿಡಿಸಿದ್ದರಿಂದ ಅಷ್ಟರೊಳಗೆ ನನ್ನ ಹಾಲೂ ಬತ್ತಿತ್ತು.

ಡಾಕ್ಟರು ಅವನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಕೈ ತೆಗೆದರು. ಕುಳಿ ಹಾಗೆಯೇ ಉಳಿಯಿತು. "ಇದು ಮಾಂಸ ಅಲ್ಲ ಬಾಯೀ, ನೀರು. ಆ ಹಿಟ್ಟಿನಿಂದ ಹೊಟ್ಟೆ ತುಂಬ್ತದೆ, ಶರೀರಕ್ಕೆ ಏನೂ ಸಿಗೂದಿಲ್ಲ" ಎಂದರು.

ನಿನ್ನ ಮಗಳು ಕಾಮಿ ಸಣಕಲು ಎಂದು ಓರಗಿತ್ತಿ ಹಂಗಿಸುತ್ತಾಳೆಂದು ಬರೆದಿದ್ದೀ. ಹಂಗಿಸಲಿ. ಅವಳು ಹಾಲು ಕುಡಿಯುತ್ತಾಳೆ, ಅಳುತ್ತಾಳೆ, ನಿನ್ನ ಕೂದಲು ಜಗ್ಗುತ್ತಾಳೆ ಅಲ್ಲವೇ. ಮೊಲೆ ಬಿಡಿಸಬೇಡ. ಯಾರು ಏನೇ ಹೇಳಲಿ, ಹೇಳುವವನ ಮೈ ನೋಡಬೇಡ, ಅವಳನ್ನು ನೋಡು. ಅವಳ ಆಯುಷ್ಯ ಬೆಳೆಯಲಿ.

ನಿನ್ನ
ಹೀರಾ

ತಾ.ಕ.: ನಾಗರಪಂಚಮಿಗೆ ಕಳಿಸಿದ್ದ ಕೇಶವನ ಫೋಟೋ ನೋಡಿಯೇ ನೀನು ಡಬ್ಬಿ ಕೇಳಿದ್ದು. ಕಾಲ್ಗಡಗ ಮಾಂಸದಲ್ಲಿ ಹೂತುಹೋಗಿದೆ ನೋಡು ಎಂದು ಅದರ ಹಿಂದೆ ನಾನೇ ಹೆಮ್ಮೆಯಿಂದ ಬರೆದಿದ್ದೆ. ಮೊನ್ನೆ ಸೋಮವಾರ ಕೇಶವ ತೀರಿಕೊಂಡ. ಕಡಗವನ್ನು ಕತ್ತರಿಸಿ ತೆಗೆಯಬೇಕಾಯಿತು. ಆ ಫೋಟೋ ಹಿಂದಕ್ಕೆ ಕಳಿಸು. ನಮ್ಮ ಹತ್ತಿರ ಬೇರೆ ಇಲ್ಲ.