ಬಾಗಿನ ತೆಗೆದುಕೊಂಡೆ, ಸಹಿ ಹಾಕಲಿಲ್ಲ

ಗಂಗಾನಗರ, ಬೆಂಗಳೂರು
2 ಸೆಪ್ಟೆಂಬರ್ 2025

ಮುದ್ದಿನ ವೇದಾ,

ನಾವೆಲ್ಲ ಚೆನ್ನಾಗಿದ್ದೇವೆ. ಧಾರವಾಡದ ಹಾಸ್ಟೆಲ್ ಊಟ ನಿನಗೆ ಒಗ್ಗಿತೋ ಇಲ್ಲವೋ? ಕಾಗದ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಗೋಡೆಗೂ ಕಿವಿ.

ಚಿಕ್ಕಜಾಲದ ನಮ್ಮಪ್ಪನ ಜಮೀನು ಬಿಲ್ಡರಿಗೆ ಹೋಗುತ್ತಿದೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ನಿನ್ನ ಸುಬ್ರಮಣಿ ಮಾವ ನನ್ನನ್ನು ಕರೆದಿದ್ದ. ಸೀರೆ, ಅರಿಶಿನ ಕುಂಕುಮ ಕೊಟ್ಟು ಹೆಣ್ಣುಮಕ್ಕಳ ಪಾಲು ಬಿಡಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಪತ್ರ ಓದಿದರೆ ತವರಿಗೆ ಅವಮಾನ. ಈ ಸಲ ಅವನ ಜಾಣತನ ನೋಡು, ಗೌರಿ ಹಬ್ಬದ ಬಾಗಿನದ ಮೊರವನ್ನೇ ನೋಂದಣಿ ಕಚೇರಿಗೆ ಹೊತ್ತು ತಂದಿದ್ದ!

"ಮೊದ್ಲು ಬಾಗಿನ ತಗೊಳಕ್ಕಾ, ಆಮೇಲೆ ಒಂದ್ ಸಹಿ," ಅಂದ.

ಸೆರಗು ಹಿಡಿದು ಬಾಗಿನ ತೆಗೆದುಕೊಂಡೆ. ಪತ್ರ ಓದಿದೆ. ಪೆನ್ನು ವಾಪಸು ಕೊಟ್ಟೆ.

"ಹಾಕಲ್ಲ ಕಣೋ. ಬಾಗಿನ ಗೌರಮ್ಮಂದು, ಜಮೀನು ಅಪ್ಪಂದು."

ನೀನು ರಜೆಯಲ್ಲಿ ಹೇಳಿದ್ದನ್ನೆಲ್ಲ ಅಲ್ಲೇ ಒದರಿದೆ. ಹೆಣ್ಣಿನ ಮೇಲಿನ ತಾರತಮ್ಯ ಅಳಿಸುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ನಮ್ಮ ದೇಶವೂ ಒಪ್ಪಿದೆ, ಹೆಣ್ಣನ್ನು ಕೀಳು ಮಾಡುವ ವಾಡಿಕೆಗಳೂ ಬದಲಾಗಬೇಕೆಂದು ಅದರಲ್ಲಿದೆ ಎಂದೆ.

"ವಿಶ್ವಸಂಸ್ಥೆಯೋರು ಚಿಕ್ಕಜಾಲಕ್ ಬಂದು ಪಾಲು ಮಾಡ್ತಾರೇನಕ್ಕಾ?"

"ಅವ್ರ್ಯಾಕೋ ಬರ್ಬೇಕು? ಮಗಳಿಗೂ ಸಮಪಾಲು ಅಂತ ಇಲ್ಲಿನ ಕಾನೂನೇ ಐತಲ್ಲ."

ಸರತಿಯಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅವನ ಜೊತೆ ಬಂದಿದ್ದ ನಮ್ಮವ್ವ ಮಾತ್ರ ಮುಖ ತಿರುಗಿಸಿ, "ನಾನೂ ಇಂಗೇ ಅಣ್ಣಂದಿರ್ಗೆ ಬರ್ಕೊಟ್ಟೆ, ನಂಗೇನ್ ಕಮ್ಮಿಯಾಯ್ತು?" ಅಂದಳು. ಇನ್ನು ತವರಿನ ಬಾಗಿಲು ನನಗೆ ಮುಚ್ಚಿತಂತೆ. ಮುಚ್ಚಲಿ, ಆ ಬಾಗಿಲಲ್ಲೂ ನನ್ನ ಪಾಲಿದೆ.

ನಿಮ್ಮಪ್ಪ ಜೊತೆಗೇ ಇದ್ದರು. "ಭೇಷ್ ಕಣೆ ರಾಣಿ! ನಿನ್ ಹಕ್ಕು, ಬಿಡ್ಬೇಡ," ಎಂದು ಹೆಬ್ಬಾಳದ ಫ್ಲೈಓವರ್ ಇಳಿಯುವ ತನಕ ಸ್ಕೂಟರಿನಲ್ಲಿ ಹೊಗಳಿದರು. ನನಗೂ ಹೆಮ್ಮೆಯಾಯಿತು.

ಚೆನ್ನಾಗಿ ಓದು. ಯಾರ ಮುಂದೆಯೂ ತಲೆ ತಗ್ಗಿಸದ ಹಾಗೆ ಆ ತಾಯಿ ನಿನ್ನನ್ನು ಕಾಪಾಡಲಿ.

ನಿನ್ನ ಅಮ್ಮ,
ರಾಣಿ

ತಾಜಾ ಕಲಂ: ಮೇಲೆ ಇದನ್ನು ಬರೆಯಲು ಕೈ ಬರಲಿಲ್ಲ. ನಿನ್ನೆ ನಿಮ್ಮಪ್ಪ ಇನ್ನೊಂದು ಬಿಡುಗಡೆ ಪತ್ರ ಬರೆಸಿ ತಂದಿದ್ದಾರೆ. ಅವರ ತಾತನ ಕಾಲದ ಈ ಮನೆ ಪೂರ್ತಿ ನಿನ್ನ ಅಣ್ಣ ಶರತ್‌ಗೆ, ನಿನಗೆ ಏನೂ ಇಲ್ಲ. "ಮದುವೆಯಾಗಿ ಹೋಗೋಳು ತಾನೆ? ನೀನ್ ಹೇಳಿದ್ರೆ ಸಹಿ ಹಾಕ್ತಾಳೆ," ಅಂದರು, ನನ್ನ ಮುಖ ನೋಡಿಕೊಂಡೇ. ದೀಪಾವಳಿಗೆ ಬಾ ಎಂದು ಅಕ್ಕರೆಯಿಂದ ಫೋನ್ ಮಾಡುತ್ತಾರೆ. ಬಾ ಮಗಳೇ, ಹೋಳಿಗೆ ತಿನ್ನು. ಸಹಿ ಮಾತ್ರ ಹಾಕಬೇಡ. ನಾನೇ ಎದುರು ಕೂತು ಅತ್ತು ಕೇಳಿದರೂ ಹಾಕಬೇಡ.