ನಿಮ್ಮಪ್ಪ ಬಿಟ್ಟ ಬ್ಯಾಂಜೊ

ಲಾರೆಲ್ ಹಳ್ಳ, ಕೆಂಟಕಿ
ಅಕ್ಟೋಬರ್ 9, 1974

ಮುದ್ದಿನ ಮಗಳು ವರ್ಲೀಗೆ ಅಮ್ಮನ ಮುತ್ತುಗಳು.

ನಿನ್ನ ಮದುವೆಯ ಸುದ್ದಿ ಓದಿ ಹಿಟ್ಟಿನ ಕೈಯಲ್ಲೇ ಅಡುಗೆಮನೆ ತುಂಬ ಕುಣಿದುಬಿಟ್ಟೆ. ಹುಡುಗ ಓಹಾಯೋದವನಾದರೂ ನಮ್ಮ ಕಡೆಯ ಒಣಗಿಸಿದ ಹುರುಳಿಕಾಯಿ ಪಲ್ಯ ತಿನ್ನುತ್ತಾನೆ ಎಂದಿದ್ದೀಯ, ಅಷ್ಟಾದರೆ ಸಾಕು. ಆದರೆ ಅಪ್ಪ ಬ್ಯಾಂಜೊ ನುಡಿಸದಿದ್ದರೆ ನನಗೆ ಮದುವೆಯೇ ಬೇಡ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಕುಣಿತ ನಿಂತಿತು. ನಿಮ್ಮಪ್ಪ ಇನ್ನು ನುಡಿಸುವುದಿಲ್ಲ ಮಗಳೇ. ಹೋದ ತಿಂಗಳ ಕೊನೆಯ ಭಾನುವಾರ ಹಳ್ಳದ ಕೊರೆಯುವ ನೀರಲ್ಲಿ ಮುಳುಗಿ ದೀಕ್ಷಾಸ್ನಾನ ಮಾಡಿಸಿಕೊಂಡರು. ನಮ್ಮ ಚರ್ಚಿನ ಸಭೆಗೆ ಸೇರಿದವರಿಗೆ ವಾದ್ಯ ನುಡಿಸುವುದು ಪಾಪ, ಬ್ಯಾಂಜೊ ಬಿಡಲೇಬೇಕು, ನಿನಗೆ ಗೊತ್ತಿದ್ದದ್ದೇ.

ಮದುವೆಯಾದಂದಿನಿಂದ ಇದಕ್ಕಾಗಿ ಮಂಡಿಯೂರಿ ಬೇಡಿಕೊಂಡವಳು ನಾನೇ. ಶನಿವಾರ ಬಂತೆಂದರೆ ಜಗಲಿಯಲ್ಲಿ ಪಿಟೀಲು, ಬ್ಯಾಂಜೊ, ನಿನ್ನ ತಮ್ಮ ಡಾರ್ಸಿಯ ಗಿಟಾರು ಎಲ್ಲ ಸೇರಿ ಗದ್ದಲವೋ ಗದ್ದಲ. "ಸಾಕು ನಿಲ್ಸ್ರಿ, ದೇವ್ರ ಕಿವಿ ತೂತಾಗತ್ತೆ" ಎಂದು ಗೊಣಗುತ್ತಿದ್ದೆ. "ಹೋಗೇ, ನಿನ್ ದೇವ್ರೂ ಕಾಲಲ್ಲಿ ತಾಳ ಹಾಕ್ತಿರ್ತಾನೆ" ಎಂದು ನಿಮ್ಮಪ್ಪ ಇನ್ನೂ ಜೋರಾಗಿ ನುಡಿಸುತ್ತಿದ್ದರು. ಈಗ ಮನೆ ಬಿಕೋ ಎನ್ನುತ್ತಿದೆ. ಊಟಕ್ಕೆ ಕೂತಾಗ ಅವರ ಬಲಗೈಯ ಮೂರು ಬೆರಳು ತೊಡೆಯ ಮೇಲೆ ತಾವಾಗಿಯೇ ಓಡುತ್ತಿರುತ್ತವೆ. ನಾನು ನೋಡಿದೆನೆಂದು ಗೊತ್ತಾದರೆ ಮುಷ್ಟಿ ಬಿಗಿಹಿಡಿಯುತ್ತಾರೆ.

ನಿನ್ನ ಕಾಗದ ಬಂದ ಮಧ್ಯಾಹ್ನ ತಡೆಯಲಾರದೆ ಕೇಳಿಯೇಬಿಟ್ಟೆ. ಮಗಳ ಮದುವೆಗೆ ಒಂದೇ ಒಂದು ಹಾಡು ನುಡಿಸಿ, ದೇವರೇನೂ ಕೋಪ ಮಾಡಿಕೊಳ್ಳುವುದಿಲ್ಲ ಎಂದೆ.

"ಡಾರ್ಸಿ ಅಲ್ಲಿ ಒಬ್ನೇ ಇದಾನೆ ಕಣೇ. ನಾನು ದಾರಿ ತಪ್ಪಿದ್ರೆ ಅವ್ನು ನಂಗೆ ಮತ್ತೆ ಸಿಗ್ತಾನಾ? ನಿಂಗೆ ಗೊತ್ತಿದ್ರೆ ಹೇಳು, ಈಗ್ಲೇ ಗೋಡೆಯಿಂದ ಬ್ಯಾಂಜೊ ಇಳಿಸ್ತೀನಿ" ಎಂದರು.

ಗಣಿಯ ಚಾವಣಿ ಕುಸಿದು ಅವನು ಹೋದ ಮೇಲೆ ಇವರ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಸಭೆಗೆ ಸೇರಿದ್ದು ನನ್ನ ಪ್ರಾರ್ಥನೆಗೆ ಕರಗಿ ಅಲ್ಲ ವರ್ಲೀ, ಮಗನನ್ನು ಪರಲೋಕದಲ್ಲಿ ಕಾಣುವುದಕ್ಕೆ. ಸಿಗುತ್ತಾನೆ, ನುಡಿಸಿ ಎನ್ನುವ ಧೈರ್ಯ ನನಗೆಲ್ಲಿಂದ ಬರಬೇಕು? ನನಗೂ ಅವನು ಬೇಕು. ಒಲೆಯ ಮೇಲಿದ್ದದ್ದು ಸೀದುಹೋದದ್ದೂ ತಿಳಿಯಲಿಲ್ಲ.

ಅವರನ್ನು ಒತ್ತಾಯ ಮಾಡಬೇಡ. ಮದುವೆಗೆ ಬಂದು ಮುಂದಿನ ಸಾಲಲ್ಲೇ ಕೂರುತ್ತಾರೆ. ಬೇರೆ ಯಾರಿಗೂ ಬ್ಯಾಂಜೊ ನುಡಿಸಲು ಹೇಳಬೇಡ, ಅದನ್ನು ಅವರು ತಡೆದುಕೊಳ್ಳಲಾರರು.

ಏನೂ ತೋಚದೆ ಕೂತಿರುವ
ನಿನ್ನ ಅಮ್ಮ,
ಓರ್ಲೀನಾ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಅವರು ಕೋಳಿಗೂಡಿನ ಕಡೆ ಹೋಗಿದ್ದಾಗ ಬ್ಯಾಂಜೊದ ಧೂಳು ಒರೆಸುತ್ತ ಸುಮ್ಮನೆ ತಂತಿ ಮೀಟಿದೆ. ತಿರುಗಿ ನೋಡಿದರೆ ಬಾಗಿಲಾಚೆ ಕಣ್ಣು ಮುಚ್ಚಿ ನಿಂತಿದ್ದಾರೆ. ಒಳಗೂ ಬರಲಿಲ್ಲ, ನಿಲ್ಲಿಸು ಎನ್ನಲೂ ಇಲ್ಲ. ಇವತ್ತು ಊಟವಾದ ಮೇಲೆ ತಾವೇ ಅದನ್ನು ಇಳಿಸಿ, ನನ್ನ ಕುರ್ಚಿಯ ಮೇಲಿಟ್ಟು, ಜಗಲಿಗೆ ಹೋಗಿ ಬಾಗಿಲಿಗೆ ಬೆನ್ನು ಹಾಕಿ ಕೂತರು. ಇನ್ನೂ ಕಿವಿಗೊಟ್ಟು ಕೂತಿದ್ದಾರೆ. ನನಗೆ ನುಡಿಸಲು ಬರುವುದಿಲ್ಲವಲ್ಲೇ ವರ್ಲೀ.