ಕರಿಯನ ಒಳಗೂದಲು

ಅಕ್ಕಾ,

ನಿನ್ನೆ ಕರಿಯನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ "ಆಯ್ತು ಬಿಡೋ" ಅಂದೆಯಲ್ಲ, ಅದರಿಂದ ಏನೂ ಸ್ವಚ್ಛವಾಗಿಲ್ಲ. ಕುರಿ ಕಾಯುವ ತಳಿಯ ನಾಯಿಗೆ ಎರಡು ಪದರ ಕೂದಲು. ಮೇಲಿನದು ಮಿರಮಿರ ಮಿಂಚುತ್ತಿದೆ. ಕುತ್ತಿಗೆಯ ಕೆಳಗೆ ಬೆರಳು ತೂರಿಸಿದರೆ ಒಳಗೂದಲಲ್ಲಿ ರಕ್ತ ಗಂಟುಗಟ್ಟಿದೆ, ಕುರಿಮರಿಯ ಉಣ್ಣೆಯೂ ಸಿಕ್ಕಿಕೊಂಡಿದೆ.

ಪಕ್ಕದ ಮನೆ ಮಾವ ಸಂಜೆ ಕೋವಿ ಹಿಡಿದು ಬರುತ್ತಾರೆ. "ಕೂದ್ಲು ಬಿಡಿಸೇ ನೋಡ್ತೀನಿ. ನನ್ನ ಮರೀನ ಕೊಂದಿದ್ದು ಇದೇ ಆದ್ರೆ ಇಲ್ಲೇ ಮುಗಿಸ್ತೀನಿ, ಆಮೇಲೆ ಬೈಬೇಡಿ" ಅಂತ ಗೇಟಿನಲ್ಲೇ ಹೇಳಿ ಹೋದರು.

ಮೊದಲು ಒಣಗೂದಲನ್ನೇ ಬಾಚು, ನೀರು ಆಮೇಲೆ. ನೆನೆದರೆ ಗಂಟು ಇನ್ನೂ ಬಿಗಿಯುತ್ತದೆ. ಬುಡ ಹಿಡಿದುಕೊಂಡು ತುದಿಯಿಂದ ಬಿಡಿಸು. ಕೂದಲು ಬೋಳಿಸುವ ಮಷಿನ್ ಮಾತ್ರ ಮುಟ್ಟಬೇಡ ಮಾರಾಯ್ತಿ, ಬೋಳು ಕುತ್ತಿಗೆ ಕಂಡರೆ ಮಾವನಿಗೆ ಬೇರೆ ಸಾಕ್ಷಿಯೇ ಬೇಡ. ಬಾಚಿದ್ದನ್ನೆಲ್ಲ ಸುಟ್ಟುಬಿಡು.

ಕರಿಯನನ್ನು ಮರಿಯಿಂದ ಸಾಕಿದವನು ನಾನು, ಬಿಟ್ಟುಕೊಡಲಾರೆ. ಆದರೆ ಬೆಳಿಗ್ಗೆ ನಾನು ಗಂಟು ಎಳೆದಾಗ ಅವನು ಗುರ್ರೆನ್ನಲೇ ಇಲ್ಲ. ಒಳಗೆ ನಿನ್ನ ಪಾಪು ಅತ್ತಿತು. ಕಿವಿ ನಿಮಿರಿಸಿ, ಹೊಟ್ಟೆ ನೆಲಕ್ಕೆ ತಾಗಿಸಿ, ಸದ್ದಿಲ್ಲದೆ ತೊಟ್ಟಿಲ ಕಡೆ ತೆವಳಿದ.

ಅವನನ್ನು ಹಿತ್ತಲಲ್ಲಿ ಕಟ್ಟಿಹಾಕಿ ಕೆಲಸಕ್ಕೆ ಹೊರಟಿದ್ದೇನೆ. ತೊಟ್ಟಿಲಿರುವ ಕೋಣೆಯ ಬಾಗಿಲು ಹಾಕಿಯೇ ಇಡು. ಪಾಪು ಅಳುತ್ತಿದ್ದದ್ದು ಇದ್ದಕ್ಕಿದ್ದಂತೆ ಸುಮ್ಮನಾದರೆ, ಹಾಲು ಕಾಯಿಸುತ್ತಿದ್ದರೂ ಬಿಟ್ಟು ಓಡು.